ಪಿಯಾನೋ ಮೇಲಿನ ಹೊಗೆ: ಹನ್ನೆರಡು ಪೆಟ್ಟುಗಳ ಶಾಸ್ತ್ರವಿಚಾರ

ಶಾಸ್ತ್ರಗ್ರಂಥ ಅಂದಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕು. ಪ್ರಕೃತ ವಿಷಯ: ಡೀಪ್ ಪರ್ಪಲ್ ಎಂಬ ರಾಕ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಆರಂಭದ ರಿಫ್ಫನ್ನು, ಅಂದರೆ ಮರುಕಳಿಸುವ ಸ್ವರಗುಚ್ಛವನ್ನು, ಪಿಯಾನೋದಲ್ಲಿ ನುಡಿಸುವ ಬಗೆ. ಅಧಿಕಾರಿ: ಎರಡು ಕೈ, ಒಂದು ಪಿಯಾನೋ ಮತ್ತು ಸಹನಶೀಲ ನೆರೆಹೊರೆ ಉಳ್ಳವನು. ಸಂಬಂಧ: ಆ ನೆರೆಹೊರೆಯೊಡನೆ ಕೆಡುವಂಥದ್ದು. ಪ್ರಯೋಜನ: ನೆಂಟರು “ಏನಾದರೂ ನುಡಿಸು ಮಗಾ” ಎಂದಾಗ ಅರ್ಧ ನಿಮಿಷದಲ್ಲಿ ಪಾರಾಗುವುದು.

ಇನ್ನು ಉತ್ಪತ್ತಿ ಪ್ರಕರಣ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದ ಕ್ಯಾಸಿನೋದಲ್ಲಿ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಅವರ ಕಛೇರಿ ನಡೆದಿತ್ತು. ಕೇಳಲು ಬಂದವನೊಬ್ಬ ಚಾವಣಿಯತ್ತ ಫ್ಲೇರ್ ಗನ್ ಹಾರಿಸಿದ, ಕಟ್ಟಡ ಸುಟ್ಟುಹೋಯಿತು. ಅಲ್ಲೇ ಧ್ವನಿಮುದ್ರಣ ಮಾಡಬೇಕೆಂದು ಬಂದಿದ್ದ ಡೀಪ್ ಪರ್ಪಲ್ ತಂಡಕ್ಕೆ ದಕ್ಕಿದ್ದು ಜಿನೀವಾ ಸರೋವರದ ಮೇಲೆ ಹಬ್ಬಿದ ಹೊಗೆ, ಮತ್ತು ಅದರಿಂದ ಒಂದು ಹಾಡು. ಬದಲಿ ಜಾಗವಾಗಿ ಸಿಕ್ಕ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ವಾದ್ಯಭಾಗವನ್ನು ಮುದ್ರಿಸುವಾಗ ಸುತ್ತಲಿನವರು ಗದ್ದಲವೆಂದು ದೂರಿದರು, ಪೊಲೀಸರು ಬಂದರು, ತಂಡದ ಸಹಾಯಕರು ಒಳಗಿನಿಂದ ಬಾಗಿಲು ಒತ್ತಿ ಹಿಡಿದರು. ಆದ್ದರಿಂದ ಪಕ್ಕದ ಮನೆಯವರು ಗೋಡೆ ಗುದ್ದಿದರೆ ಸಾಧಕ ವಿಚಲಿತನಾಗಬಾರದು. ಅದು ಸಂಪ್ರದಾಯದ ಅಂಗ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ರಿಫ್ ಹುಟ್ಟಿದ್ದು ತಂಡದ ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರಿನಲ್ಲಿ, ಪಿಯಾನೋಗೇನು ಹಕ್ಕು? ಸಮಾಧಾನ ಹೀಗೆ. ಮುದ್ರಿಕೆಯಲ್ಲಿ ಅದೇ ತಂಡದ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ದನಿಯನ್ನು ಒರಟು ಮಾಡಿ, ಇದೇ ರಿಫ್ಫನ್ನು ಜೊತೆಗೂಡಿ ನುಡಿಸಿದ್ದಾರೆ. ಬ್ಲ್ಯಾಕ್‌ಮೋರ್ ಕೂಡ ಪ್ಲೆಕ್ಟ್ರಮ್ ಬಿಟ್ಟು ಬೆರಳುಗಳಿಂದಲೇ ಮೀಟುತ್ತಾರೆ, ಎರಡು ತಂತಿ ಒಂದೇ ಕ್ಷಣಕ್ಕೆ ನುಡಿಯಲೆಂದು. ಎರಡು ಸ್ವರವನ್ನು ಎರಡು ಬೆರಳಿನಿಂದ ಒಟ್ಟಿಗೆ ನುಡಿಸುವುದು ಪಿಯಾನೋದವರ ಕುಲಕಸುಬಲ್ಲವೆ? ಪೂರ್ವಪಕ್ಷ ನಿರಸ್ತ.

ಸ್ವರಲಕ್ಷಣ ಸುಲಭ. ಪಿಯಾನೋದ ಮನೆಗಳ ನಡುವಣ ‘ಸಿ’ಗಿಂತ ಕೆಳಗಿನ ‘ಜಿ’ಯನ್ನು ಷಡ್ಜವಾಗಿಟ್ಟುಕೊಂಡರೆ: ಸ ಗ ಮ, ಸ ಗ ಮ ಮ, ಸ ಗ ಮ ಗ ಸ. ಗಾಂಧಾರ ಸಾಧಾರಣ. ನಡುವಿನ ತುಂಡಿನಲ್ಲಿ ಮೊದಲು ಪ್ರತಿಮಧ್ಯಮ, ಬೆನ್ನಿಗೇ ಶುದ್ಧಮಧ್ಯಮ. ಎರಡು ಮಧ್ಯಮಗಳ ಈ ಸಹವಾಸಕ್ಕೆ ಎಪ್ಪತ್ತೆರಡು ಮೇಳಗಳಲ್ಲೂ ಜಾಗವಿಲ್ಲ. ಬ್ಲೂಸ್‌ನಲ್ಲಿ ಮಾತ್ರ ಅದಕ್ಕೆ ಕಾಯಂ ಪಟ್ಟಾ ಇದೆ. ಒಟ್ಟು ಹನ್ನೆರಡು ಪೆಟ್ಟು. ಪ್ರತಿ ಸ್ವರಕ್ಕೂ ಅದರಿಂದ ಕೆಳಕ್ಕೆ ನಾಲ್ಕನೆಯ ಸ್ವರ ಜೊತೆಗಿರಬೇಕು: ಷಡ್ಜಕ್ಕೆ ಮಂದ್ರ ಪಂಚಮ, ಹೀಗೆ. ಮೇಲಿನದ್ದು ಕಿರುಬೆರಳಿಗೆ, ಕೆಳಗಿನದ್ದು ಹೆಬ್ಬೆರಳಿಗೆ. ಪ್ರತಿಮಧ್ಯಮ ಬಂದಾಗ ಎರಡೂ ಬೆರಳು ಕಪ್ಪು ಮನೆ ಹತ್ತಬೇಕು; ಹೆಬ್ಬೆರಳು ಅಲ್ಲೇ ಜಾರುವುದು.

ಪಂಥಭೇದಗಳಿವೆ. ಒಂಟಿಬೆರಳ ಪಂಥದವರು ಮೇಲಿನ ಸ್ವರವನ್ನಷ್ಟೇ ಕುಟ್ಟುತ್ತಾರೆ, ಹಳೇ ಮೊಬೈಲಿನ ರಿಂಗ್‌ಟೋನ್ ಹುಟ್ಟುತ್ತದೆ. ಪೂರ್ಣ ಕಾರ್ಡಿನ ಪಂಥದವರು ನಡುವೆ ಇನ್ನೊಂದು ಸ್ವರ ತುರುಕುತ್ತಾರೆ. ಸಿಹಿಯಾಗುತ್ತದೆ, ರಾಕ್ ಆಗುವುದಿಲ್ಲ.

ಆದರೆ ಇಡೀ ಶಾಸ್ತ್ರದ ಗಂಟು ಇರುವುದು ತಾಳದಲ್ಲಿ. ರಿಫ್ಫಿನ ಒಂದು ಸುತ್ತು ಹದಿನಾರು ಎಣಿಕೆ, ಅಂದರೆ ಆದಿತಾಳದ ಎರಡು ಆವರ್ತ. ಮೊದಲ ‘ಸ ಗ ಮ’ ನೇರ ಎಣಿಕೆಯ ಮೇಲೆ ಬೀಳುತ್ತದೆ. ಎರಡನೆಯ ತುಂಡಿನ ‘ಸ ಗ ಮ’ ಆದರೋ ಎಣಿಕೆಗಳ ನಡುವಿನ ಸಂದಿಗಳಲ್ಲಿ ಬಿದ್ದು, ಕೊನೆಯ ಮಧ್ಯಮದಲ್ಲಿ ಮತ್ತೆ ದಾರಿಗೆ ಬರುತ್ತದೆ. ಎಡಗೈಯಲ್ಲಿ ತಾಳ ಹಾಕುತ್ತ ಬಲಗೈಯಲ್ಲಿ ನುಡಿಸಿ ನೋಡಿದರೆ ತಿಳಿಯುತ್ತದೆ, ಎಲ್ಲರೂ ನುಡಿಸುವ ಈ ರಿಫ್ಫನ್ನು ಅರ್ಧ ಮಂದಿ ತಪ್ಪಾಗಿಯೇ ನುಡಿಸುತ್ತಾರೆಂದು.

ಕೊನೆಯದು ಪೆಡಲ್ ನಿಷೇಧ. ಪಿಯಾನೋದ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಕೂಡಲೇ ನಾದ ಇಳಿಯತೊಡಗುತ್ತದೆ. ಆಂಪ್ಲಿಫೈಯರಿನ ಗುರುಗುಟ್ಟುವಿಕೆ ಅದಕ್ಕಿಲ್ಲ. ಆ ಕೊರತೆ ತುಂಬಲು ಹೊಸಬರು ಪೆಡಲ್ ಒತ್ತಿ ಹಿಡಿಯುತ್ತಾರೆ. ಆಗ ಹನ್ನೆರಡು ಪೆಟ್ಟೂ ಒಂದರೊಳಗೊಂದು ಕಲಸಿ, ನಡುವಿನ ಮೌನ ಸಾಯುತ್ತದೆ. ಈ ರಿಫ್ಫಿಗೆ ಬಲ ಇರುವುದೇ ಆ ಮೌನದಲ್ಲಿ. ಪಾದವನ್ನು ನೆಲಕ್ಕಿಡಿ, ಪೆಟ್ಟನ್ನು ಮೋಟಾಗಿ ಕತ್ತರಿಸಿ, ರಾತ್ರಿ ಹತ್ತರ ಮೇಲೆ ನುಡಿಸಲೇಬೇಕೆಂದಿದ್ದರೆ ಬಾಗಿಲು ಹಿಡಿಯಲು ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.