ಜೆರಾಕ್ಸ್ ಸರ್

ಬೆಂಗಳೂರಿನ ಗೋವಿಂದರಾಜನಗರದ ಯಾವುದಾದರೂ ಅಡ್ಡರಸ್ತೆಯ ಜೆರಾಕ್ಸ್ ಅಂಗಡಿಗೆ ಹೋಗಿ, ‘ಎರಡೂ ಕಡೆ ತೆಗೀಪ್ಪಾ’ ಎಂದು ಆಧಾರ್ ಕಾರ್ಡ್ ಚಾಚಿ ನೋಡಿ. ಮೆಷಿನ್ ಹಿಂದೆ ನಿಂತವನು ಎಮ್ಮೆಸ್ಸಿ ಗಣಿತ ಆಗಿದ್ದರೆ ಆಶ್ಚರ್ಯಪಡಬೇಡಿ. ಊರವರಿಗೆ ಅವನು ಜೆರಾಕ್ಸ್ ಸರ್. ‘ಸದ್ಯಕ್ಕೆ ಇಲ್ಲಿದೀನಿ ಸರ್, ಕೆಎಎಸ್‌ಗೆ ಓದ್ತಾ ಇದೀನಿ’ ಅನ್ನುತ್ತಾನೆ. ಅವನು ಸೇರಿದ ಮೇಲೆ ಅಂಗಡಿಯಲ್ಲಿ ಎರಡು ಮೆಷಿನ್ ರಿಟೈರ್ ಆಗಿವೆ.

ಪಕ್ಕದ ವಿಜಯನಗರದ ತುಂಬ ಕೋಚಿಂಗ್ ಸೆಂಟರು, ಪೀಜಿ. ಅಲ್ಲಿಂದ ನೋಟ್ಸ್ ಹಿಡಿದು ಬರುವ ಹುಡುಗರ ಹಾಳೆಗಳನ್ನು ಈತ ಗಾಜಿನ ಮೇಲೆ ಇಡುವ ಮೊದಲು ಓದುತ್ತಾನೆ. ‘ಮೂರನೇ ಸ್ಟೆಪ್‌ನಲ್ಲಿ ಮೈನಸ್ ಎಲ್ಲಿ ಹೋಯ್ತು?’ ಎಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಿದ್ದಿ, ಆಮೇಲಷ್ಟೇ ಮುಚ್ಚಳ ಹಾಕುತ್ತಾನೆ. ಪ್ರತಿಗೆ ಎರಡು ರೂಪಾಯಿ, ತಿದ್ದಿದ್ದಕ್ಕೆ ಕಾಸಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಎಸ್ಸೆಸ್ಸೆಲ್ಸಿಗೇ ಓದು ಸಾಕೆಂದ ಮಾಲೀಕರು ಹಣೆ ಚಚ್ಚಿಕೊಳ್ಳುತ್ತಾರೆ: ‘ನಿನ್ನ ಓದು ನನ್ನ ವ್ಯಾಪಾರಕ್ಕೆ ಮುಳುವಾಯ್ತಲ್ಲಪ್ಪಾ!’

ಪರೀಕ್ಷೆಗಳಿಗೂ ಈತನಿಗೂ ಯಾವ ಜನ್ಮದ ದ್ವೇಷವೋ! 545 ಪಿಎಸ್‌ಐ ಹುದ್ದೆಗಳಿಗೆ ದುಡ್ಡು ಕೊಡದೆ, ಬರೀ ಓದಿಕೊಂಡು ಬರೆದ. ಅಕ್ರಮ ಬಯಲಾಗಿ 2022ರಲ್ಲಿ ಇಡೀ ನೇಮಕಾತಿ ಪರೀಕ್ಷೆಯೇ ರದ್ದಾಯಿತು. ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದ ಕೆಟ್ಟು, ಡಿಸೆಂಬರ್‌ನಲ್ಲಿ ಮತ್ತೆ ನಡೆದು, ಮತ್ತೆ ಕೆಟ್ಟಿತು. ಆ ಪ್ರಶ್ನೆಪತ್ರಿಕೆ ಜೆರಾಕ್ಸಿಗೆ ಬಂದ ದಿನ ಪೆನ್ಸಿಲ್ಲೇ ಮುಗಿದುಹೋಯಿತಂತೆ.

ಸರ್ಕಾರದ ಯುವನಿಧಿ ಯೋಜನೆ ಬಂದಾಗ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಎಂದು ಬೀದಿಯ ಹುಡುಗರಿಗೆಲ್ಲ ಅರ್ಜಿ ತುಂಬಿಕೊಟ್ಟ. ಅದು ಆಗ 2022-23ರಲ್ಲಿ ಪಾಸಾದವರಿಗಷ್ಟೇ ಇತ್ತು. ಈತ ಮೊದಲೇ ಪಾಸಾಗಿ ಅವಸರ ಮಾಡಿಕೊಂಡಿದ್ದ.

ಹೆಣ್ಣಿನ ಕಡೆಯವರು ಕೇಳಿದರೆ ತಾಯಿ ಹೇಳುವುದು, ‘ಡಾಕ್ಯುಮೆಂಟೇಷನ್ ಫೀಲ್ಡ್‌ನಲ್ಲಿದಾನೆ.’ ಸುಳ್ಳೇನಲ್ಲ. ರೇಷನ್ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದರೆ ಮುಂದೆ ಯಾವ ಕಚೇರಿ, ಯಾವ ಕೌಂಟರು, ಯಾವ ಅಫಿಡವಿಟ್ಟು ಎಂಬುದು ಇವನಿಗೆ ಬಾಯಿಪಾಠ. ಕೆಎಎಸ್ ಆಗದೆಯೇ ಅರ್ಧ ತಾಲ್ಲೂಕು ಕಚೇರಿಯನ್ನು ಇಲ್ಲೇ ನಡೆಸುತ್ತಿದ್ದಾನೆ, ಅದೂ ಲಂಚವಿಲ್ಲದೆ.

ನಿಮ್ಮ ಮಕ್ಕಳ ಅರ್ಜಿಯೇನಾದರೂ ಇದ್ದರೆ ಬೇಗ ಕರೆದುಕೊಂಡು ಹೋಗಿ. ಕೊನೆಯ ದಿನ ಅವನು ಸಿಗುವುದಿಲ್ಲ. ಸರ್ವರ್ ಡೌನ್ ಆಗಿರುತ್ತದೆ, ಅವನು ತನ್ನ ಅರ್ಜಿ ಹಾಕುತ್ತಿರುತ್ತಾನೆ.