ಬೋರಲು ಮಲಗಿದ ಅನಾಟಮಿ

ಮೊದಲ ವರ್ಷದ ಎಂಬಿಬಿಎಸ್ ಮುಗಿಸಿದವನಿಗೆ ಹೆಣಗಳ ಪರಿಚಯವಿರುತ್ತದೆ, ಜೀವಂತ ಮನುಷ್ಯರದಲ್ಲ. ಓದಿದ್ದು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಬೆರಳಿಗಂಟಿದ್ದು ಫಾರ್ಮಲಿನ್ ವಾಸನೆ. ಅಂಥವನು ಬೇಸಿಗೆ ರಜೆಯನ್ನು ಯೇರ್ಕಾಡಿನ ತಂಪಿನಲ್ಲೋ ಮಲಗೋವಾ ಮಾವಿನ ರಾಶಿಯ ಪಕ್ಕದಲ್ಲೋ ಕಳೆದರೆ ಲೋಕಕ್ಕೆ ಕ್ಷೇಮ. ನಂಟರು ಬಿಡಬೇಕಲ್ಲ! ಸೇಲಂನಿಂದ ಧರ್ಮಪುರಿಯ ಮನೆಗೆ ಬಂದಿಳಿದದ್ದೇ ತಡ, ಅತ್ತೆಯ ಸಕ್ಕರೆ ಕಾಯಿಲೆ ಚೀಟಿ, ಮಾವನ ಎಕ್ಸ್‌ರೇ, ಎದುರುಮನೆಯವರ ಮೂಲವ್ಯಾಧಿ ಎಲ್ಲವೂ ನಡುಮನೆಗೆ ಬಂದು ಕೂತವು. ನಮ್ಮೂರಲ್ಲೇ 2008ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಅಲ್ಲಿ ನಿಜವಾದ ಡಾಕ್ಟರುಗಳಿದ್ದಾರೆ ಎಂದೆ. "ಅಲ್ಲಿ ಕ್ಯೂ ನಿಲ್ಲಬೇಕಲ್ಲಪ್ಪಾ" ಎಂದರು ಅತ್ತೆ.

ಹೊಗೇನಕಲ್ಲಿನ ಬಸ್ಸು ಹತ್ತಿ ಪರಾರಿಯಾದೆ.

ಅಲ್ಲಿ ಎಣ್ಣೆ ತಿಕ್ಕುವವನೊಬ್ಬ ನನ್ನನ್ನು ಬಂಡೆಯ ಮೇಲೆ ಬೋರಲು ಕೆಡವಿದ. ಹೊಳೆಯ ಆ ದಡ ಕರ್ನಾಟಕವಾದ್ದರಿಂದ ಅವನ ಮಾತಿನಲ್ಲಿ ಕನ್ನಡ ತಮಿಳು ಎರಡೂ ಒಟ್ಟೊಟ್ಟಿಗೆ ಹರಿಯುತ್ತಿದ್ದವು. ಮೊಣಕೈಯಿಂದ ಹೆಗಲು ಒತ್ತಿದ. "ಟ್ರಪೀಜಿಯಸ್" ಎಂದು ನರಳಿದೆ.

"ನೋವಾ ತಂಬಿ?"

"ಇಲ್ಲಣ್ಣ, ಅದರ ಹೆಸರು."

ಕೈ ಕೆಳಗಿಳಿಯಿತು. "ಲ್ಯಾಟಿಸಿಮಸ್ ಡಾರ್ಸೈ!" ಇದು ಹೋಗಿ ತೋಳಿನ ಮೂಳೆಗೆ ಅಂಟುವ ಜಾಗದ ಒಂದು ಕಡೆ ಪೆಕ್ಟೊರಾಲಿಸ್ ಮೇಜರ್, ಇನ್ನೊಂದು ಕಡೆ ಟೆರೀಸ್ ಮೇಜರ್. ಹಾಸ್ಟೆಲಿನಲ್ಲಿ ನಾವು ಉರುಹೊಡೆದಿದ್ದನ್ನೇ ಉತ್ಸಾಹದಿಂದ ಕೂಗಿದೆ: "ಇಬ್ಬರು ಮೇಜರ್‌ಗಳ ನಡುವೆ ಒಬ್ಬ ಲೇಡಿ!"

ತಿಕ್ಕುವ ಕೈ ನಿಂತಿತು. ಪಕ್ಕದ ಬಂಡೆಯಲ್ಲಿ ಎಣ್ಣೆಯಲ್ಲಿ ಮಿಂದು ಬೋರಲು ಬಿದ್ದಿದ್ದ ಬೆಂಗಳೂರಿನ ಯಜಮಾನರೊಬ್ಬರು ಕತ್ತೆತ್ತಿ, "ಆಮೇಲೇನಾಯ್ತು?" ಎಂದರು. ಆಮೇಲೇನೂ ಆಗುವುದಿಲ್ಲ, ಆಕೆ ಅಲ್ಲೇ ಇರುತ್ತಾಳೆ ಎಂದೆ. ಅವರಿಗೆ ಬಹಳ ನಿರಾಸೆಯಾಯಿತು.

ಇವನಿಗೆ ಮಾತ್ರ ನನ್ನ ಮೇಲೆ ನಂಬಿಕೆ ಹುಟ್ಟಿಬಿಟ್ಟಿತು. ರಾತ್ರಿ ಹೊತ್ತು ಹೆಬ್ಬೆರಳು, ಪಕ್ಕದ ಎರಡು ಬೆರಳು ಜೋಮು ಹಿಡಿಯುತ್ತವಂತೆ. ಎದ್ದು ಕೈ ಒದರಿದರೆ ಸರಿಯಂತೆ.

"ಕಿರುಬೆರಳು?"

"ಅದಕ್ಕೇನಿಲ್ಲ ತಂಬಿ."

ಏನಿಲ್ಲವೇ! ಪುಸ್ತಕದಲ್ಲಿದ್ದ ಹಾಗೇ! ಪರರ ಕಾಯಿಲೆಗೆ ಇಷ್ಟು ಸಂತೋಷಪಟ್ಟವನನ್ನು ಕಾವೇರಿ ಕಂಡಿರಲಾರಳು. ಎದ್ದು ಕೂತು, ನನ್ನ ಮೈಯ ಎಣ್ಣೆಯನ್ನೇ ಬೆರಳಿಗೆ ಬಳಿದುಕೊಂಡು ಬಂಡೆಯ ಮೇಲೆ ಅವನ ಮಣಿಕಟ್ಟು ಬರೆದೆ. ಒಂಬತ್ತು ಸ್ನಾಯುರಜ್ಜು, ಅವುಗಳ ಜೊತೆ ಇಕ್ಕಟ್ಟಿನಲ್ಲಿ ಮೀಡಿಯನ್ ನರ, ಮೇಲೊಂದು ಬಿಗಿಪಟ್ಟಿ. ಅವನು ಕುಕ್ಕರುಗಾಲಿನಲ್ಲಿ ಕೂತು ಪೂರ್ತಿ ಕೇಳಿದ.

"ಸರಿ ತಂಬಿ. ಔಷಧಿ?"

"ಅದು ಮುಂದಿನ ವರ್ಷ ಬರುತ್ತಣ್ಣ... ಸದ್ಯಕ್ಕೆ ಕೈಗೆ ರೆಸ್ಟು ಕೊಡಬೇಕು. ಆಸ್ಪತ್ರೆಗೆ ತೋರಿಸಿ."

"ಮೇ ತಿಂಗಳಲ್ಲಾ? ಈ ಜನ ಇನ್ನೊಂದು ತಿಂಗಳಷ್ಟೇ. ಆಮೇಲೆ ಹೊಳೆ ಏರಿದರೆ ಯಾರು ಬರ್ತಾರೆ?" ಎಂದು ನಕ್ಕು, ಅದೇ ಹೆಬ್ಬೆರಳಿನಿಂದ ನನ್ನ ಬೆನ್ನು ಒತ್ತತೊಡಗಿದ. ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡವೆಂದರೆ ಅವನ ಕೂಲಿಗೇ ಕಲ್ಲು. ಸ್ನಾಯುಗಳ ಹೆಸರು ಹೇಳುವುದನ್ನಂತೂ ನಿಲ್ಲಿಸಿದೆ.

ಆ ಹೊತ್ತಿಗೆ ಪಕ್ಕದ ಬಂಡೆಯ ಯಜಮಾನರು ಎದ್ದು ಬಂದು ತಮ್ಮ ಎಡಮಂಡಿಯನ್ನು ನನ್ನ ಮೂಗಿನ ಮುಂದೆ ಊರಿದ್ದರು. ಮಂಡಿಯ ಲಿಗಮೆಂಟುಗಳು ನನಗೆ ಬಾಯಿಪಾಠ.