ತಳ ಗುಡಿಸುವವರಿಗೆ ಅಮಾನತು: ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಸ್ವಯಂಚಾಲಿತ ಹೀರುಯಂತ್ರ,
ಈಜುಕೊಳದ ತಳ, ನಮ್ಮ ಹಿತ್ತಲು,
ಚಾಂಡ್ಲರ್, ಅರಿಜೋನಾ.

ವಿಷಯ: ಕರ್ತವ್ಯಲೋಪದ ಆರೋಪದ ಮೇಲೆ ತಮ್ಮನ್ನು ಅಮಾನತಿನಲ್ಲಿಟ್ಟ ಆದೇಶವನ್ನು ಹಿಂತೆಗೆದುಕೊಳ್ಳುವ ಬಗ್ಗೆ.

ಮಾನ್ಯರೇ,

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಮುಖ ನನಗಿಲ್ಲ. ಹನ್ನೊಂದು ದಿನ ನಿಮ್ಮನ್ನು ನಿಮ್ಮದೇ ಪೈಪಿನಲ್ಲಿ ಸುತ್ತಿ, ಗ್ಯಾರೇಜಿನ ಮೂಲೆಯಲ್ಲಿ ದೀಪಾವಳಿ ಸಾಮಾನಿನ ಡಬ್ಬದ ಕೆಳಗೆ ಇಟ್ಟವನು ನಾನೇ. ಈ ಪತ್ರ ಬಹಿರಂಗವಾಗಿರಬೇಕು ಎಂಬುದು ಮಳವಳ್ಳಿ ಕಡೆಯಿಂದ ಆರು ತಿಂಗಳಿಗೆಂದು ಬಂದಿರುವ ನಮ್ಮಪ್ಪನ ತೀರ್ಮಾನ. “ಬೈಯೋವಾಗ ಬೀದಿಗೆಲ್ಲ ಕೇಳ್ಸೋ ಹಂಗ್ ಬೈದೆ. ತಪ್ಪಾಯ್ತು ಅನ್ನೋವಾಗ ಮಾತ್ರ ಗುಟ್ಟೇನ್ಲಾ?” ಎಂದರು.

ಮೊದಲು ಆರೋಪಪಟ್ಟಿ. ಏಪ್ರಿಲ್ ತಿಂಗಳು, ಪಾಲೋ ವರ್ಡಿ ಮರಗಳು ಹೂಬಿಡುವ ಕಾಲ. ಅದು ಈ ರಾಜ್ಯದ ಮರ. ಕಾಂಡವೂ ಹಸಿರು, ಎಲೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು, ಹಳದಿ ಹೂವಿಗೆ ಮಾತ್ರ ಲೆಕ್ಕವೇ ಇಲ್ಲ. ಪಕ್ಕದ ಮನೆಯ ಮರ ದಿನಕ್ಕೆರಡು ಹೊತ್ತು ನಮ್ಮ ಕೊಳಕ್ಕೆ ಅರಿಶಿನ ಚೆಲ್ಲುತ್ತಿತ್ತು. ಇಂಥ ಹೊತ್ತಿನಲ್ಲಿ ನೀವು ಆಳದ ತುದಿಗೆ ಹೋಗಿ ನಿಂತುಬಿಟ್ಟಿರಿ. ದಿನವೂ ಕೇಳುತ್ತಿದ್ದ ಟಕಟಕ ಸದ್ದೂ ಇಲ್ಲ. ಕೋಲಿನಿಂದ ತಿವಿದರೆ ಒಂದಡಿ ಸರಿದು ಮತ್ತೆ ಧ್ಯಾನ. ಶನಿವಾರ ಊಟಕ್ಕೆ ಬಂದ ಸ್ನೇಹಿತರ ಎದುರು “ದುಡ್ಡು ಕೊಟ್ಟು ತಂದ ಸೋಮಾರಿ” ಎಂದು ನಿಮ್ಮನ್ನು ಪರಿಚಯಿಸಿದೆ. ಭಾನುವಾರ ಅಮಾನತು.

ವಿಚಾರಣೆ ನಡೆಸಿದಿರಾ ಎಂದು ನೀವು ಕೇಳಬಹುದು. ಇಲ್ಲ. ನಾನು ಆಫೀಸಿನಲ್ಲಿ ಎಲೆಕ್ಟ್ರಾನಿಕ್ ಚಿಪ್ಪು ಕೆಟ್ಟರೆ ಮೂಲ ಕಾರಣ ಹುಡುಕುವ ಕೆಲಸಕ್ಕೇ ಸಂಬಳ ಪಡೆಯುವವನು. ಮನೆಯಲ್ಲಿ ಅದಕ್ಕೆ ಸಂಬಳವಿಲ್ಲವಲ್ಲ! ಕಸ ತಳದಲ್ಲಿ ಕಾಣಿಸಿತು, ತಳದಲ್ಲಿ ನೀವಿದ್ದಿರಿ, ಸಾಕ್ಷ್ಯ ಸಾಕಾಯಿತು. ಊರಿನಲ್ಲಿ ಮೋರಿ ಕಟ್ಟಿಕೊಂಡರೂ ಮೊದಲು ಸಿಕ್ಕಿಬೀಳುವವನು ಮೋರಿಯ ಪಕ್ಕ ನಿಂತವನೇ ತಾನೆ?

ನಿಮ್ಮ ಜಾಗಕ್ಕೆ ಹೊಸಬರನ್ನು ತಂದೆ. ನೀಲಿ ಬಣ್ಣ, ಹೊಳೆಯುವ ಮೈ. ಡಬ್ಬದ ಮೇಲೆ ‘ಸ್ವಯಂಚಾಲಿತ’ ಎಂಬ ಪದ ನಾಲ್ಕು ಕಡೆ. ನೀರಿಗೆ ಬಿಟ್ಟ ಮೂರನೇ ನಿಮಿಷಕ್ಕೆ ಅವರೂ ಆಳದ ತುದಿಗೆ ಹೋಗಿ, ನೀವು ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು. ನೀವಿಬ್ಬರೂ ಸಂಘ ಕಟ್ಟಿಕೊಂಡಿದ್ದೀರಿ ಎಂದೇ ನನ್ನ ಗುಮಾನಿ. ಅವರನ್ನು ಡಬ್ಬಕ್ಕೆ ತುಂಬಿ ಅಂಗಡಿಗೆ ವಾಪಸು ಕೊಟ್ಟೆ.

ಆಮೇಲೆ, ನಿಮ್ಮ ಮೇಲೆ ಇನ್ನಷ್ಟು ಆರೋಪ ಸಿಗಬಹುದೆಂದು ನಿಮ್ಮ ಸೇವಾ ಪುಸ್ತಕ ತೆರೆದೆ. ನಿಮ್ಮ ಕುಲದ ಹೆಸರಾಂತ ಹಿರಿಯರು ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಂತೆ. ಸ್ಪ್ರಿಂಗ್ಸ್ ಎಂಬ ಊರಿನಲ್ಲಿದ್ದ ಫರ್ಡಿನಾಂಡ್ ಶೋವಿಯೇ ಎಂಬ ಎಂಜಿನಿಯರು 1974ರಲ್ಲಿ ರೂಪಿಸಿದ ಆ ಯಂತ್ರಕ್ಕೆ ‘ಕ್ರೀಪಿ ಕ್ರಾಲಿ’ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ತೆವಳುವ ಹುಳ. ನೀವು ಆ ಮನೆಯವರಲ್ಲ, ಆದರೆ ಕಸುಬು ಅದೇ. ಸೇವಾ ಪುಸ್ತಕದ ಉಳಿದ ಪುಟಗಳು ನನಗೆ ಆಘಾತ ಕೊಟ್ಟವು. ನಿಮಗೆ ಮೋಟಾರಿಲ್ಲ, ವೈರಿಲ್ಲ, ಬ್ಯಾಟರಿಯಿಲ್ಲ. ಗೋಡೆಯ ತೂತಿನಿಂದ ಪಂಪು ಎಳೆಯುವ ನೀರು ನಿಮ್ಮ ಗಂಟಲಿನ ರಬ್ಬರು ಪೊರೆಯನ್ನು ತೆರೆದು ಮುಚ್ಚಿದಾಗ ಟಕಟಕ ಸದ್ದು. ಆ ಒಂದೊಂದು ಕುಲುಕಿಗೆ ನಿಮ್ಮದು ಒಂದೊಂದು ಹೆಜ್ಜೆ. ಉಸಿರು ಪಂಪಿನದು, ಹೆಸರು ನಿಮ್ಮದು. ನಿಮ್ಮನ್ನು ‘ಸ್ವಯಂಚಾಲಿತ’ ಎಂದು ಕರೆದವರು ಯಾರೋ, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.

ಹನ್ನೊಂದನೇ ದಿನ ನಮ್ಮಪ್ಪ ಕಾಫಿ ಲೋಟ ಹಿಡಿದು ಪಂಪಿನ ಹತ್ತಿರ ಹೋದರು. ಅವರು ನಲವತ್ತು ವರ್ಷ ಪಂಪ್‌ಸೆಟ್ಟಿನ ಜೊತೆ ಸಂಸಾರ ಮಾಡಿದವರು. ಅದು ಕೆಮ್ಮುವ ಬಗೆಯಲ್ಲೇ ಕಾಯಿಲೆ ಹೇಳುತ್ತಾರೆ. ಗಾಜಿನಂಥ ಮುಚ್ಚಳದೊಳಗೆ ನೊರೆ ಕುದಿಯುತ್ತಿದ್ದುದನ್ನು ಕಂಡರು. ಆಚೆ ಕೊಳಕ್ಕೆ ನೀರು ವಾಪಸು ಬೀಳುವ ಕಡೆಯೂ ಗುಳುಗುಳು ಗುಳ್ಳೆ. “ಲೇ, ಇದು ಗಾಳಿ ಎಳೀತಾ ಅದೆ ಕಣ್ಲಾ. ಆ ಹುಳಾನ ಯಾಕ್ ಬೈತೀಯಾ?”

ವಿಚಾರಣೆ ಅಲ್ಲಿಂದ ಶುರುವಾಯಿತು, ತಳದಿಂದಲ್ಲ, ತಲೆಯಿಂದ. ಒಂದೊಂದಾಗಿ ಹೊರಬಿದ್ದ ಸಂಗತಿಗಳು ಹೀಗಿವೆ.

ಒಂದು: ಪಂಪಿನ ಬುಟ್ಟಿ. ಮೋಟಾರು ನಿಲ್ಲಿಸಿ ಮುಚ್ಚಳ ತೆಗೆದರೆ ಒಳಗೆ ಪಾಲೋ ವರ್ಡಿ ಹೂವಿನ ಚಟ್ನಿ. ನಿಮ್ಮ ಪೈಪಿನ ನಡುವೆ ಕೂರಿಸಿರುವ ಎಲೆ ಡಬ್ಬಿಯೂ ಗಂಟಲವರೆಗೆ ತುಂಬಿತ್ತು. ನೀವು ಗುಡಿಸಿದ ಕಸವೇ ಅದು. ಅದನ್ನು ಖಾಲಿ ಮಾಡಬೇಕಾದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಈ ಪತ್ರದ ಕೆಳಗೆ ಸಹಿ ಮಾಡಲಿದ್ದಾರೆ.

ಎರಡು: ಮುಚ್ಚಳದ ರಬ್ಬರು ರಿಂಗು. ಅಪ್ಪ ಷೇವಿಂಗ್ ಸೋಪಿನ ನೊರೆಯನ್ನು ಬ್ರಷ್ಷಿನಲ್ಲಿ ಮುಚ್ಚಳದ ಸುತ್ತ, ಪೈಪಿನ ಗಂಟುಗಳ ಸುತ್ತ ಹಚ್ಚಿ ಮೋಟಾರು ಹಾಕಿಸಿದರು. ಮುಚ್ಚಳದ ಒಂದು ಕಡೆ ನೊರೆ ಒಳಕ್ಕೆ ಜಾರಿ ಮಾಯವಾಯಿತು. ಪಂಪಿಗಿಂತ ಹಿಂದೆ ಬಿರುಕಿದ್ದರೆ, ಪಂಪು ಓಡುವಾಗ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಆದ್ದರಿಂದಲೇ ನೆಲ ಒಣಗಿದ್ದನ್ನು ನೋಡಿ ನಾನು ‘ಎಲ್ಲ ಸರಿಯಿದೆ’ ಎಂದು ಷರಾ ಬರೆದಿದ್ದೆ. ರಿಂಗು ಬಿಸಿಲಿಗೆ ಒಣಗಿ ಸೀಳಿತ್ತು. ಹೊಸದು ತಂದು ವ್ಯಾಸಲೀನ್ ಸವರಲು ಹೊರಟೆ. ಅದು ರಬ್ಬರನ್ನು ಹಾಳು ಮಾಡುತ್ತದೆ, ಸಿಲಿಕೋನ್ ಗ್ರೀಸ್ ಮಾತ್ರ ಸವರಬೇಕು ಎಂದು ಕೈಪಿಡಿಯಲ್ಲಿತ್ತು. ಅಪ್ಪ, “ನಮ್ಮಲ್ಲಾಗಿದ್ರೆ ಪೈಪಿಗೆ ಸಗಣಿ ನೀರು ಹುಯ್ದು ಎಬ್ಬುಸ್ತಿದ್ದೊ” ಎಂದು ನೆನೆದರು. ಚಾಂಡ್ಲರಿನಲ್ಲಿ ಸಗಣಿ ಸಿಗದಿದ್ದುದು ನಮ್ಮ ಪುಣ್ಯ.

ಮೂರು: ನೀರಿನ ಮಟ್ಟ. ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರಿನ ಬಾಯಿಯ ಅರ್ಧದವರೆಗಾದರೂ ನೀರು ಇರಬೇಕು. ಈ ಊರಿನ ಬಿಸಿಲಿನ ಬಗ್ಗೆ ಹೇಳುವುದೇ ಬೇಡ. 2023ರಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ 43 ಸೆಲ್ಸಿಯಸ್. ಏಪ್ರಿಲಿನ ಬಿಸಿಲಿಗೇ ನೀರು ಇಳಿದು ಸ್ಕಿಮ್ಮರು ನೀರಿನ ಜೊತೆ ಗಾಳಿಯನ್ನೂ ಕುಡಿಯುತ್ತಿತ್ತು.

ನಾಲ್ಕು: ವಾಲ್ವು. ಸ್ಕಿಮ್ಮರು, ತಳದ ಜಾಲರಿ, ನೀವು, ಮೂವರಿಗೂ ಒಂದೇ ಪಂಪು. ಜಾಲರಿಯ ಕಡೆಗೆ ವಾಲ್ವು ಪೂರ್ತಿ ತೆರೆದಿತ್ತು. ಮಾರ್ಚಿನಲ್ಲಿ ಯಾವುದೋ ವಿಡಿಯೋ ನೋಡಿ ತಿರುಗಿಸಿದವನು ನಾನೇ. ಇದನ್ನು ಕೇಳಿದ ಅಪ್ಪ ನಕ್ಕುಬಿಟ್ಟರು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಮಳವಳ್ಳಿಯ ಕೊನೆ ಭಾಗದಲ್ಲಿ ಕಾದು ಕೂತವರು ಅವರು. “ಮೇಲ್ಗಡೆ ತೂಬೆಲ್ಲ ತೆಗ್ದುಬುಟ್ಟು, ಕೊನೆ ಗದ್ದೆಯವ್ನಿಗೆ ಬೆಳೆ ಯಾಕ್ಲಾ ಇಡ್ಲಿಲ್ಲ ಅಂತ ಕೇಳ್ದಂಗಾಯ್ತು.” ಇಲ್ಲಿ ನೀರು ಹರಿಯುವ ದಿಕ್ಕು ಉಲ್ಟಾ, ಅನ್ಯಾಯದ ದಿಕ್ಕು ಮಾತ್ರ ಅದೇ.

ಐದನೆಯದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಬರೆಯಲು ನಾಚಿಕೆ. ಪಂಪಿನ ವೇಗ. 2021ರ ಜುಲೈಯಲ್ಲಿ ಅಮೆರಿಕದ ಇಂಧನ ಇಲಾಖೆಯ ದಕ್ಷತೆಯ ನಿಯಮ ಜಾರಿಗೆ ಬಂದ ಮೇಲೆ ನಮ್ಮಂಥವರ ಮನೆಗೆ ಬರುವುದು ಹೆಚ್ಚಾಗಿ ವೇಗ ಬದಲಿಸಬಲ್ಲ ಪಂಪುಗಳೇ. ಒಳ್ಳೆಯದೇ. ವೇಗ ಅರ್ಧಕ್ಕಿಳಿಸಿದರೆ ಕರೆಂಟು ಸರಿಸುಮಾರು ಎಂಟನೇ ಒಂದು ಭಾಗಕ್ಕಿಳಿಯುತ್ತದೆ ಎಂಬುದು ಪಂಪುಗಳ ನಿಯಮ. ಈ ನಿಯಮ ಓದಿದ ದಿನವೇ ನಾನು ನಿಮಿಷಕ್ಕೆ 3,450 ಸುತ್ತಿನ ಪಂಪನ್ನು ಇಡೀ ದಿನ 1,200ಕ್ಕೆ ಕೂರಿಸಿ, ಉಳಿತಾಯದ ಗ್ರಾಫನ್ನು ಮನೆಯವರಿಗೆಲ್ಲ ತೋರಿಸಿದ್ದೆ. ಅಷ್ಟು ಸಣ್ಣ ಉಸಿರಿನಲ್ಲಿ ನಿಮ್ಮ ಗಂಟಲಿನ ಪೊರೆ ಅಲುಗುವುದೇ ಇಲ್ಲ. ಅನುದಾನ ಕತ್ತರಿಸಿದ್ದು ನಾನು, ಕಾಮಗಾರಿ ನಿಂತಿತೆಂದು ನೋಟಿಸ್ ಹೋದದ್ದು ನಿಮಗೆ. ವೇಗ ಏರಿಸಿದ ಮೇಲೆ, ಅಲ್ಲಿಯವರೆಗೆ ಮಲಗಿದ್ದ ಫಿಲ್ಟರಿನ ಮುಳ್ಳೂ ಎದ್ದು ಸಾಕ್ಷಿ ಹೇಳಿತು: ಶುಚಿಯಾಗಿದ್ದಾಗ ತೋರುತ್ತಿದ್ದ ಅಂಕಿಗಿಂತ ಹತ್ತು ಪಿಎಸ್‌ಐ ಮೇಲೆ. ಎಂಟು-ಹತ್ತು ಏರಿತೆಂದರೆ ತೊಳೆಯಬೇಕೆಂದು ಅರ್ಥ. ತೊಳೆದೆ. ನಾಲ್ಕು ಬಕೆಟ್ ಮರುಭೂಮಿ ಹೊರಬಂತು.

ಆಮೇಲೆ ನಿಮ್ಮನ್ನು ಕರೆತಂದು ನೀರಿಗಿಳಿಸಿದೆ. ಟಕಟಕ ಎಂದು ಹೊರಟಿರಿ. ಆದರೆ ಒಂದೇ ಕಡೆ ಪ್ರದಕ್ಷಿಣೆ. ಮೆಟ್ಟಿಲ ಕಡೆಗೆ ಮುಖವನ್ನೇ ಹಾಕಲಿಲ್ಲ. ಎರಡನೇ ಆರೋಪಪಟ್ಟಿಗೆ ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಕೈಪಿಡಿಯಲ್ಲಿ ಕಂಡಿತು: ಪೈಪನ್ನು ಸುತ್ತಿ ಇಟ್ಟರೆ ಅದು ಆ ಸುತ್ತನ್ನೇ ಕಲಿತುಬಿಡುತ್ತದೆ. ಹನ್ನೊಂದು ದಿನ ಸುತ್ತಿ ಕೂಡಿಹಾಕಿದ್ದು ಯಾರು? ಶಿಕ್ಷೆಯೇ ಅಪರಾಧವನ್ನು ಹುಟ್ಟಿಸಿತ್ತು. ಪೈಪಿನ ತುಂಡುಗಳನ್ನು ಬಿಸಿಲಿನಲ್ಲಿ ನೇರ ಮಲಗಿಸಿದೆ. ಕೊಳದ ದೂರದ ಮೂಲೆಯವರೆಗೆ ಅಳೆದು ಒಂದು ತುಂಡು ಹೆಚ್ಚಿಗೆ ಸೇರಿಸಿದೆ. ನಿಮ್ಮನ್ನು ಒಂದೇ ಕಡೆಗೆ ತಳ್ಳುತ್ತಿದ್ದ, ಕೊಳಕ್ಕೆ ನೀರು ವಾಪಸು ಬೀಳುವ ಚಿಲುಮೆಯನ್ನು ಕೆಳಮುಖ ಮಾಡಿದೆ.

ಆಗ ನನಗೆ ಉತ್ಸಾಹ ಉಕ್ಕಿ ಇದ್ದಬದ್ದ ಸೆಳೆತವನ್ನೆಲ್ಲ ನಿಮಗೇ ಕೊಟ್ಟೆ. ನೀವು ಗೋಡೆ ಹತ್ತಿ, ನೀರಿನಿಂದ ತಲೆ ಹೊರಹಾಕಿ, ಗೊರಗೊರ ಗಾಳಿ ಕುಡಿದು ಅಂಗಾತ ಬಿದ್ದಿರಿ. ನಿರ್ಲಕ್ಷ್ಯದಿಂದ ಕೆಟ್ಟ ಕೆಲಸ ಅತಿ ಮುತುವರ್ಜಿಯಿಂದಲೂ ಕೆಡುತ್ತದೆ. ವಾಲ್ವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. ಈಗ ಸರಿಯಾಗಿದ್ದೀರಿ.

ಆದ್ದರಿಂದ ಆದೇಶ: ಅಮಾನತು ರದ್ದು. ಹನ್ನೊಂದು ದಿನವನ್ನು ಸೇವಾವಧಿ ಎಂದೇ ಪರಿಗಣಿಸಲಾಗಿದೆ. ‘ಸೋಮಾರಿ’ ಎಂಬ ಪದವನ್ನು ಕಡತದಿಂದ ತೆಗೆದು, ಸಂಬಂಧಪಟ್ಟವರ ಹೆಸರಿನ ಮುಂದೆ ಸೇರಿಸಲಾಗಿದೆ. ಪಂಪು ದಿನಕ್ಕೆ ಮೂರು ಗಂಟೆ ನಿಮಗಾಗಿ ಜೋರಾಗಿ ಓಡುತ್ತದೆ, ಉಳಿದ ಹೊತ್ತು ನನ್ನ ಗ್ರಾಫಿಗಾಗಿ ನಿಧಾನವಾಗಿ. ನಿಮ್ಮ ಪೈಪು ಕೀಳುವ ಮೊದಲು ಪಂಪು ನಿಲ್ಲಿಸಲಾಗುವುದು, ಕಿತ್ತ ಮೇಲೆ ಗೋಡೆಯ ತೂತಿನ ಮುಚ್ಚಳ ಹಾಕಲಾಗುವುದು. ಆ ಸೆಳೆತಕ್ಕೆ ಮಕ್ಕಳ ಕೈಯೋ ಕೂದಲೋ ಸಿಗಬಾರದು. ಕ್ಲೋರಿನ್ ಹೆಚ್ಚು ಸುರಿಯುವ ದಿನ ನಿಮಗೆ ರಜೆ.

ಹಿತ್ತಲಲ್ಲಿ ಕೊಳ ಇಟ್ಟುಕೊಂಡವರಲ್ಲೂ, ಇಡೀ ಊರನ್ನೇ ಕೈಯಲ್ಲಿ ಇಟ್ಟುಕೊಂಡವರಲ್ಲೂ ಒಂದು ಮಾತು: ತಳದಲ್ಲಿ ಕಸ ಕಂಡ ದಿನ ಮೊದಲು ಮೇಲಿನ ಬುಟ್ಟಿ ತೆರೆದು ನೋಡಿ. ನಮ್ಮ ಮನೆಯ ಬುಟ್ಟಿಯನ್ನು ಇನ್ನು ಪ್ರತಿ ಶನಿವಾರ ಖಾಲಿ ಮಾಡುವವನು,

ಇಂತಿ ನಿಮ್ಮ ವಿಶ್ವಾಸಿ,
ಕೊಳದ ಮಾಲೀಕ